ಹೊಲದ ಅಳತೆಯ ಯಂತ್ರ

ದೇಶಪಾಂಡೆ ನಗರದ ನಮ್ಮ ಓಣಿಯಲ್ಲಿ ಟ್ರ್ಯಾಕ್ಟರು ಬಂದು ನಿಲ್ಲುವುದು ಅಪರೂಪ. ಸವಾಯಿ ಗಂಧರ್ವ ಕಲಾಮಂದಿರಕ್ಕೆ ಸಂಗೀತ ಕೇಳಲು ಬರುವವರ ಕಾರುಗಳು, ಶಾಲೆಯ ಮಕ್ಕಳನ್ನು ಹೊತ್ತ ರಿಕ್ಷಾಗಳು, ಇವೇ ಇಲ್ಲಿಯ ನಿತ್ಯದ ನೋಟ. ಆದುದರಿಂದ 2025ರ ದೀಪಾವಳಿ ಪಾಡ್ಯದಂದು ನಮ್ಮ ಮನೆಯ ಮುಂದೆ ಮಾಲೆ ಹಾಕಿದ ಪುಟ್ಟ ಟ್ರ್ಯಾಕ್ಟರೊಂದು ನಿಂತಾಗ ನೆರೆಹೊರೆಯವರೆಲ್ಲ ಹೊರಬಂದು ನೋಡಿದರು. ಹಿರಿಯರೊಬ್ಬರು ನಕ್ಕು, "ಏನ್ರಿ, ಮಕ್ಕಳ ಆಟಿಗಿ ತಂದೀರೇನು?" ಎಂದರು. ಹಬ್ಬದ ದಿನವಾದುದರಿಂದ ನಾವೂ ನಕ್ಕು ಸುಮ್ಮನಾದೆವು. ಆದರೆ ಆ ಆಟಿಗೆಯನ್ನು ಆರಿಸಲು ನಮ್ಮ ಕುಟುಂಬಕ್ಕೆ ಒಂದು ವರ್ಷ ಹಿಡಿದಿತ್ತು. ಅದರ ಹಿಂದೆ ಇಪ್ಪತ್ತು ವರ್ಷಗಳ ಹಳೆಯ ನೋವೂ ಇತ್ತು. ಕಾಯಿಪಲ್ಲೆ ಬೆಳೆಯುವ ಸಣ್ಣ ಒಕ್ಕಲು ಮನೆತನಗಳಿಗೆ ಉಪಯೋಗವಾದೀತೆಂದು ಆ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಹೊಲವಿರುವುದು ಕುಂದಗೋಳ ತಾಲೂಕಿನ ಎರೆಭೂಮಿಯಲ್ಲಿ. ತಂದೆಯವರ ಕಾಲಕ್ಕೆ ಅದು ಒಂಬತ್ತು ಎಕರೆ ಇತ್ತು. ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಕೂಡಿಸಿ ಬೆಳೆಯುವ ಈ ಭಾಗದ ಹಳೆಯ ಪದ್ಧತಿಯೇ ನಮ್ಮದೂ ಆಗಿತ್ತು. 1999ರಲ್ಲಿ ತಂದೆಯವರು ಸಾಲ ಮಾಡಿ ದೊಡ್ಡ ಟ್ರ್ಯಾಕ್ಟರು ಕೊಂಡರು. ಓಣಿಯಲ್ಲಿ ಇಬ್ಬರು ಕೊಂಡಿದ್ದರು, ನಾವು ಹಿಂದುಳಿಯಬಾರದೆಂಬ ಅಭಿಮಾನವೇ ಮುಖ್ಯ ಕಾರಣ. ನಮ್ಮ ಹೊಲದ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತಿತ್ತು. ಉಳಿದ ದಿನಗಳಲ್ಲಿ ಬಾಡಿಗೆಯ ಕೆಲಸ ಮಾಡಿ ಕಂತು ತೀರಿಸುವ ಲೆಕ್ಕವಿತ್ತು. 2001ರಿಂದ ಮೂರು ವರ್ಷ ಒಂದೇ ಸಮನೆ ಬರ ಬಿದ್ದಿತು. ಬಿತ್ತುವವರೇ ಇಲ್ಲದ ಮೇಲೆ ಬಾಡಿಗೆಗೆ ಕರೆಯುವವರೆಲ್ಲಿ? ಕಂತುಗಳು ನಿಂತವು, ಬಡ್ಡಿ ಬೆಳೆಯಿತು. 2004ರಲ್ಲಿ ಟ್ರ್ಯಾಕ್ಟರು ಮನೆ ಬಿಟ್ಟು ಹೋಯಿತು. ಅದರ ಬೆನ್ನಿಗೆ ನಾಲ್ಕು ಎಕರೆ ಹೊಲವೂ ಹೋಯಿತು. ತಂದೆಯವರು ಆ ಯಂತ್ರವನ್ನಾಗಲಿ ಸಾಲ ಕೊಟ್ಟವರನ್ನಾಗಲಿ ಎಂದೂ ದೂರಲಿಲ್ಲ. "ಯಂತ್ರದ ತಪ್ಪಲ್ಲ, ನನ್ನ ಅಳತಿ ತಪ್ಪಿತು" ಎಂದಷ್ಟೇ ಹೇಳುತ್ತಿದ್ದರು.

ಉಳಿದ ಐದು ಎಕರೆಯನ್ನು ಊರಲ್ಲಿರುವ ನಮ್ಮ ತಮ್ಮ ಮತ್ತು ಅವನ ಮಡದಿ ಒಂದು ಜೋಡಿ ಎತ್ತುಗಳ ಮೇಲೆ ನಡೆಸಿಕೊಂಡು ಬಂದಿದ್ದರು. ಕೃಷಿ ಹೊಂಡವಾದ ಮೇಲೆ ಬದನೆ, ಚವಳಿ, ಟೊಮ್ಯಾಟೊ, ಮೆಂತೆಗಳೂ ಸೇರಿಕೊಂಡವು. 2022ರಲ್ಲಿ ನಾಡಿನ ತುಂಬ ಹಬ್ಬಿದ ಚರ್ಮಗಂಟು ರೋಗಕ್ಕೆ ನಮ್ಮ ಜೋಡಿಯಲ್ಲೊಂದು ಎತ್ತು ಬಲಿಯಾಯಿತು. ಬಸವಣ್ಣನೆಂದೇ ಕರೆದು, ಕಾರ ಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತಿದ್ದ ಜೀವವದು. ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಅದಕ್ಕೆ ಸರಿಸಾಟಿಯಾದ ಎತ್ತು ಸಿಗಲಿಲ್ಲ, ಸಿಕ್ಕಲ್ಲಿ ಬೆಲೆ ಎಟುಕಲಿಲ್ಲ. ಬಾಡಿಗೆ ಟ್ರ್ಯಾಕ್ಟರಿಗೆ ಹೇಳಿದರೆ, ಹದ ಬಂದ ದಿನ ಎಲ್ಲರಿಗೂ ಅದೇ ಬೇಕು. ನಮ್ಮ ಸರದಿ ಬರುವಷ್ಟರಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿರುತ್ತಿತ್ತು.

2024ರ ಸೆಪ್ಟೆಂಬರಿನಲ್ಲಿ ತಮ್ಮ, ಅವನ ಮಡದಿ, ನಾವು ಕೂಡಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೋದೆವು. 1986ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಮೇಳವೆಂದರೆ ಉತ್ತರ ಕರ್ನಾಟಕದ ರೈತರಿಗೆ ಜಾತ್ರೆಯೇ ಸರಿ. ತಮ್ಮನ ಕಾಲು ತಾನಾಗಿಯೇ 42 ಅಶ್ವಶಕ್ತಿಯ ಕೆಂಪು ಟ್ರ್ಯಾಕ್ಟರಿನತ್ತ ನಡೆಯಿತು. "ಊರಾಗ ಮರ್ಯಾದಿ ಉಳೀಬೇಕಂದ್ರ ಇಂಥಾದ್ದ ಬೇಕು" ಎಂದನು. ತಂದೆಯವರ ಮಾತು ನಮ್ಮ ನಾಲಿಗೆಯ ತುದಿಗೆ ಬಂದರೂ, ಊರಲ್ಲಿದ್ದು ದುಡಿಯುವವನಿಗೆ ಪಟ್ಟಣದಲ್ಲಿದ್ದು ಬುದ್ಧಿ ಹೇಳುವುದು ಸರಿಕಾಣದೆ ಸುಮ್ಮನಾದೆವು.

ಮಾತನಾಡಿದವಳು ಅವನ ಮಡದಿ. ಆ ರಾತ್ರಿ ದೇಶಪಾಂಡೆ ನಗರದ ನಮ್ಮ ಮನೆಯಲ್ಲಿ ಊಟವಾದ ಮೇಲೆ ಅವಳು ಹಳೆಯ ಲಗ್ನಪತ್ರಿಕೆಯೊಂದರ ಬೆನ್ನ ಮೇಲೆ ವರ್ಷದ ಕೆಲಸವನ್ನೆಲ್ಲ ಬರೆದಳು. ಬೇಸಿಗೆಯ ಆಳವಾದ ಉಳುಮೆ, ಮಡಿ ಮಾಡುವುದು, ಕಳೆ ತೆಗೆಯುವುದು, ಔಷಧಿ ಸಿಂಪಡಿಸುವುದು, ಗೊಬ್ಬರ ಹೇರುವುದು, ಮಾಲನ್ನು ಹೊಲದಿಂದ ರಸ್ತೆಗೆ ತರುವುದು, ಒಂದೊಂದರ ಮುಂದೆಯೂ ದಿನಗಳನ್ನು ನಮೂದಿಸಿದಳು. ದೊಡ್ಡ ಯಂತ್ರವೇ ಬೇಕಾಗುವ ಕೆಲಸ ವರ್ಷಕ್ಕೆ 2 ದಿನ. ಸಣ್ಣದರಿಂದ ಆಗುವ ಕೆಲಸ 50 ದಿನಕ್ಕೂ ಮಿಕ್ಕಿತು. ಬಳಿಕ ಮೆಲ್ಲಗೆ, "ಹೊಲ ಐದ ಎಕರೆ ಐತಿ, ಸಾಲ ಇಪ್ಪತ್ತ ಎಕರೆದ್ದ ಯಾಕ ಮಾಡಬೇಕ್ರಿ?" ಎಂದು ಕೇಳಿದಳು.

ಆ ಮಾತು ಕೇಳಿದಾಗ ನಮಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಮಾರಯ್ಯ ಶರಣರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಹೇಳಿದ ಪ್ರಸಂಗವನ್ನು ನಾವೆಲ್ಲ ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗಿದವರೇ. ಬೇಕಾದುದಕ್ಕಿಂತ ಹೆಚ್ಚಿನ ಅಶ್ವಶಕ್ತಿಯೂ ಹೆಚ್ಚಿನ ಅಕ್ಕಿಯೇ ಅಲ್ಲವೆ? ತಮ್ಮನು ಬಹಳ ಹೊತ್ತು ಆ ಕಾಗದವನ್ನು ನೋಡುತ್ತ ಕುಳಿತನು. ಮರುದಿನ ಮತ್ತೆ ಮೇಳಕ್ಕೆ ಹೋದಾಗ ಅವನು ಸಣ್ಣ ಯಂತ್ರಗಳ ಸಾಲಿನಲ್ಲಿ ನಿಂತಿದ್ದನು.

ಸಣ್ಣದು ಎಂದರೂ ಅದರಲ್ಲಿ ನೂರೆಂಟು ಬಗೆ. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿ.ಎಸ್.ಟಿ. ಕಂಪನಿಯ ಪವರ್ ಟಿಲ್ಲರುಗಳು ಮತ್ತು ಪುಟ್ಟ ಟ್ರ್ಯಾಕ್ಟರುಗಳು, ಮಹೀಂದ್ರದ 15 ಅಶ್ವಶಕ್ತಿಯ ಯುವರಾಜ್, ಕುಬೋಟಾದ 21 ಅಶ್ವಶಕ್ತಿಯ ನಾಲ್ಕು ಗಾಲಿ ಚಾಲನೆಯ ಯಂತ್ರ, 2021ರಲ್ಲಿ ಬಂದ ಸುಮಾರು 11 ಅಶ್ವಶಕ್ತಿಯ ಸ್ವರಾಜ್ ಕೋಡ್, ಹೀಗೆ ಕಣ್ಣು ಕತ್ತಲೆಗೊಳಿಸುವಷ್ಟು ಮಾದರಿಗಳಿವೆ. ಪವರ್ ಟಿಲ್ಲರು ಅಗ್ಗವೇನೋ ಹೌದು. ಆದರೆ ಹೆಂಟೆಯೆದ್ದ ಎರೆಭೂಮಿಯಲ್ಲಿ ದಿನವಿಡೀ ಅದನ್ನು ಹಿಡಿದು ಹಿಂದೆ ನಡೆಯುವುದು ಐವತ್ತು ದಾಟಿದ ಬೆನ್ನಿಗೆ ಹೊರೆ. ನಾವು ಕೊನೆಗೆ ಆರಿಸಿದ್ದು 18 ಅಶ್ವಶಕ್ತಿಯ ಆಸುಪಾಸಿನದು. ಕಂಪನಿಯ ಹೆಸರು ಹೇಳಿ ಪ್ರಚಾರ ಮಾಡುವುದು ನಮ್ಮ ಉದ್ದೇಶವಲ್ಲ. ಆರಿಸುವಾಗ ಕಲಿತ ಸಂಗತಿಗಳನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಸಾಲಿನ ಅಂತರ. ನಮ್ಮ ಮೆಣಸಿನ ಸಾಲುಗಳ ನಡುವೆ ಎರಡೂವರೆ ಅಡಿ ಇದೆ. ಯಂತ್ರದ ಎಡಗಾಲಿಯ ನಡುವಿನಿಂದ ಬಲಗಾಲಿಯ ನಡುವಿಗೆ ಇರುವ ಅಂತರ ಇದಕ್ಕೆ ಹೊಂದಬೇಕು. ಹೊಂದಿದರೆ ಒಂದು ಸಾಲು ಹೊಟ್ಟೆಯ ಕೆಳಗೆ ಉಳಿದು, ಎರಡೂ ಗಾಲಿಗಳು ಅಕ್ಕಪಕ್ಕದ ಬಯಲಿನಲ್ಲಿ ಓಡುತ್ತವೆ. ಹೊಂದದಿದ್ದರೆ ಗಿಡದ ಮೇಲೆಯೇ ಓಡುತ್ತವೆ. ಕೆಲವು ಮಾದರಿಗಳಲ್ಲಿ ಹಿಂದಿನ ಗಾಲಿಯನ್ನು ತಿರುವಿ ಹಾಕಿ ಅಂತರವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಆದುದರಿಂದ ಅಂಗಡಿಗೆ ಹೋಗುವಾಗ ಹೊಲದ ಅಳತೆಯನ್ನು ಬರೆದುಕೊಂಡು, ಒಂದು ಅಳತೆಪಟ್ಟಿಯನ್ನೂ ಕೈಯಲ್ಲಿ ಹಿಡಿದು ಹೋಗಬೇಕು. ಹೊಟ್ಟೆಯ ಕೆಳಗಿನ ಎತ್ತರವನ್ನೂ ಅಳೆಯಬೇಕು. ಗಿಡ ಆ ಎತ್ತರ ದಾಟಿದ ಮೇಲೆ ಯಂತ್ರಕ್ಕೆ ಹೊಲದಲ್ಲಿ ಪ್ರವೇಶವಿಲ್ಲ.

ಎರಡನೆಯದು ರೋಟವೇಟರು. ಅದು ಎರಡೂ ಟೈರುಗಳ ಹೊರ ಅಂಚಿಗಿಂತ ತುಸು ಅಗಲವಾಗಿರಬೇಕು. ಇಲ್ಲವಾದರೆ ಗಾಲಿ ತುಳಿದ ಗುರುತು ಮಡಿಯಲ್ಲಿ ಹಾಗೆಯೇ ಉಳಿಯುತ್ತದೆ. ಹಾಗೆಂದು ಎಂಜಿನ್ನಿನ ಶಕ್ತಿಗೆ ಮೀರಿದ ಅಗಲವೂ ಸಲ್ಲದು. 15ರಿಂದ 20 ಅಶ್ವಶಕ್ತಿಗೆ 3ರಿಂದ 4 ಅಡಿಯದು ಸಾಕು. ಪುಸ್ತಿಕೆಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ಎಂಜಿನ್ನಿನ ಶಕ್ತಿ. ರೋಟವೇಟರನ್ನು ತಿರುಗಿಸುವುದು ಪಿ.ಟಿ.ಒ. ದಂಡಕ್ಕೆ ತಲುಪುವ ಶಕ್ತಿ. ಅದು ಯಾವಾಗಲೂ ಕಡಿಮೆ. ಅದನ್ನೇ ಕೇಳಿ ತಿಳಿದುಕೊಳ್ಳಬೇಕು.

ಮೂರನೆಯದು ಭಾರ. ದೊಡ್ಡ ಟ್ರ್ಯಾಕ್ಟರು ಎರಡು ಟನ್ನಿನ ಹತ್ತಿರ ತೂಗಿದರೆ, ಈ ವರ್ಗದ್ದು ಮುಕ್ಕಾಲು ಟನ್ನಿನ ಆಸುಪಾಸು. ಮೇಲುಮಣ್ಣು ಎಷ್ಟು ಒತ್ತುತ್ತದೆಂಬುದು ಟೈರಿನ ಅಗಲಕ್ಕೂ ಗಾಳಿಗೂ ಸಂಬಂಧಿಸಿದ್ದು. ಆಳದ ಮಣ್ಣು ಬಿಗಿಯುವುದು ಅಚ್ಚಿನ ಮೇಲಿನ ಭಾರದಿಂದ. ಹಸಿಯಿರುವ ಎರೆಮಣ್ಣಿಗೆ ಈ ಭಾರವೇ ಶತ್ರು. ಒಮ್ಮೆ ಬಿಗಿದರೆ ನೀರೂ ಇಳಿಯದು, ಬೇರೂ ಇಳಿಯದು. ಹಗುರ ಯಂತ್ರವಾದರೂ ಹಿಡಿ ಮಣ್ಣು ಉಂಡೆಯಾಗಿ ಅಂಟದೆ ಉದುರುವ ತನಕ ಹೊಲಕ್ಕೆ ಇಳಿಸಬಾರದು.

ನಾಲ್ಕನೆಯದು ನಡೆಸುವವರು. ತಮ್ಮನು ಬೆಳಗಿನ ಜಾವ ಮಾಲು ತೆಗೆದುಕೊಂಡು ಹುಬ್ಬಳ್ಳಿಯ ಮಾರುಕಟ್ಟೆಗೆ ಬರುತ್ತಾನೆ. ಹೊಲದಲ್ಲಿ ಉಳಿಯುವವಳು ಮಡದಿ. ಆದುದರಿಂದ ಅವಳನ್ನೇ ಕೂರಿಸಿ ನೋಡಿದೆವು. ಕ್ಲಚ್ಚಿಗೆ ಕಾಲು ಎಟುಕಬೇಕು, ಬದುವಿನ ಬಳಿ ತಿರುಗಿಸಲು ಜಾಗ ಸಾಲಬೇಕು. ಒಂದು ಯಂತ್ರವನ್ನು ನಾವು ಬಿಟ್ಟುದು ಅವಳ ಕಾಲು ಎಟುಕಲಿಲ್ಲವೆಂಬ ಒಂದೇ ಕಾರಣಕ್ಕೆ. ಹೊಲದ ಅರ್ಧ ದುಡಿಮೆ ಹೆಣ್ಣುಮಕ್ಕಳದಾಗಿರುವಾಗ ಯಂತ್ರವನ್ನು ಗಂಡಸರ ಅಳತೆಗೆ ಮಾತ್ರ ಕೊಳ್ಳುವುದು ನ್ಯಾಯವಲ್ಲ. ಇವೆಲ್ಲದರ ಜೊತೆಗೆ, ಬಿಡಿಭಾಗ ಮತ್ತು ದುರಸ್ತಿ ಹತ್ತಿರದಲ್ಲಿ ದೊರೆಯುವುದೇ ಎಂಬುದನ್ನು ಮಾರುವವರಿಂದಲ್ಲ, ಅದೇ ಯಂತ್ರ ಕೊಂಡ ರೈತರಿಂದ ಕೇಳಬೇಕು.

ಇನ್ನು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿಯಿತು. ಕಾದದ್ದಕ್ಕೆ ನಮಗೆ ಅಷ್ಟು ಅನುಕೂಲವಾಯಿತು. ಸಹಾಯಧನದ ನಿಯಮಗಳು ಬದಲಾಗುತ್ತಿರುವುದರಿಂದ ಕೊಳ್ಳುವ ಮುನ್ನವೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸುವುದು ಕ್ಷೇಮ. ನಾವು ದೇಶಪಾಂಡೆ ನಗರದ ಮನೆಯವರು ಸ್ವಲ್ಪ ಹಾಕಿದೆವು, ಅವರು ಎರಡು ಬೆಳೆಯ ಉಳಿತಾಯ ಹಾಕಿದರು. ಹೊಲದ ಉತಾರದ 11ನೆಯ ಕಾಲಮ್ಮಿನಲ್ಲಿ ಸಾಲದ ಭೋಜಾ ಏರದಂತೆ ನೋಡಿಕೊಂಡೆವು. ತಂದೆಯವರು ಇದ್ದಿದ್ದರೆ ಮೊದಲು ಆ ಕಾಲಮ್ಮನ್ನೇ ನೋಡುತ್ತಿದ್ದರು.

ಸಣ್ಣ ಯಂತ್ರ ಎಲ್ಲವನ್ನೂ ಮಾಡುತ್ತದೆಂದು ನಾವು ಹೇಳುವುದಿಲ್ಲ. ಬೇಸಿಗೆಯ ಆಳವಾದ ಉಳುಮೆ ಅದರಿಂದಾಗದು. ಆ 2 ದಿನಕ್ಕೆ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಊರವರಿಂದಲೋ ದೊಡ್ಡದನ್ನು ಬಾಡಿಗೆಗೆ ತರುವುದೆಂದೇ ನಿಶ್ಚಯಿಸಿದ್ದೇವೆ. ಗಿಡ ಬೆಳೆದ ಮೇಲೆ ಕಳೆಗೆ ಕುರ್ಚಿಗೆಯೇ ಗತಿ. ಆದರೆ ಈ ಹಿಂಗಾರಿನಲ್ಲಿ ಹದ ಬಂದ ದಿನವೇ ಮಡಿಗಳು ಸಿದ್ಧವಾದವು. ಯಾರ ಬಾಗಿಲಿಗೂ ಹೋಗಿ ಕಾಯಲಿಲ್ಲ. ಪಕ್ಕದ ಎರಡು ಮನೆಯವರಿಗೆ, ಅವರದೂ ಎರಡೆರಡು ಎಕರೆಯ ಒಕ್ಕಲುತನ, ಡೀಸೆಲ್ಲಿನ ಖರ್ಚಿಗೆ ಯಂತ್ರ ಕೊಡುತ್ತಿದ್ದಾರೆ. ಇದನ್ನು ದಾಸೋಹವೆಂದು ಹೇಳಿಕೊಳ್ಳುವಷ್ಟು ದೊಡ್ಡವರು ನಾವಲ್ಲ. ದುಡಿಯುವ ಯಂತ್ರ ಸುಮ್ಮನೆ ನಿಲ್ಲಬಾರದೆಂಬ ಭಾವನೆ, ಅಷ್ಟೆ.

ಉಳಿದ ಒಂಟಿ ಎತ್ತನ್ನು ಮಾರಲಿಲ್ಲ. ಪಾಡ್ಯದ ದಿನ ಟ್ರ್ಯಾಕ್ಟರು ನಮ್ಮ ಮನೆಯಿಂದ ಊರು ಸೇರಿದಾಗ, ತಮ್ಮನ ಮಡದಿ ಮೊದಲು ಕೊಟ್ಟಿಗೆಗೆ ಹೋಗಿ ಬಸವಣ್ಣನ ಹಣೆಗೆ ವಿಭೂತಿ ಹಚ್ಚಿ, ಆಮೇಲೆ ಯಂತ್ರಕ್ಕೆ ಹಚ್ಚಿದಳಂತೆ. ಕಾಯಕಕ್ಕೆ ನೆರವಾಗುವುದೆಲ್ಲ ಪೂಜ್ಯವೇ. ಆದರೆ ಅದು ನಮ್ಮ ಹೊಲದ ಅಳತೆಗೆ ಇರಬೇಕು, ನೆರೆಯವರ ಕಣ್ಣಿನ ಅಳತೆಗೆ ಅಲ್ಲ. ಆಟಿಗೆಯೆಂದು ನಕ್ಕ ಆ ಹಿರಿಯರಿಗೆ ಕಳೆದ ವಾರ ಆ ಹೊಲದ ಬದನೆಕಾಯಿ ಕಳುಹಿಸಿದ್ದೇವೆ.