ಒಂದು ನಟ್ಟಿಗಾಗಿ ಹಳೆಯ ಪೇಟೆಗೆ

ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯೆಂದೊಡನೆ ಗೃಹಿಣಿಯರಿಗೆ ಹೂವಿನ ರಾಶಿಯೂ ಸೊಪ್ಪು ತರಕಾರಿಗಳೂ ನೆನಪಾಗುತ್ತವೆ. ಆದರೆ 1921ರಲ್ಲಿ ಎದ್ದುನಿಂತ ಆ ಕಟ್ಟಡದ ಮಗ್ಗುಲಿಂದ ಪುರಭವನದ ಕಡೆಗೆ ಹೊರಟರೆ, ಮಲ್ಲಿಗೆಯ ಪರಿಮಳ ನಾಲ್ಕು ಹೆಜ್ಜೆಗಳಲ್ಲಿಯೇ ಹಿಂದೆ ಸರಿದು, ಗ್ರೀಸು ಮತ್ತು ಹೊಸ ಕಬ್ಬಿಣದ ವಾಸನೆ ಮೂಗಿಗೆ ಅಡರುತ್ತದೆ. ಅದೇ ಎಸ್.ಜೆ.ಪಿ. ರಸ್ತೆ. ಬೇರಿಂಗು, ಬೆಲ್ಟು, ಬೋಲ್ಟು, ಪಂಪು, ಡ್ರಿಲ್ಲು, ಗರಗಸಗಳ ಬೀದಿ. ಮನೆಯಲ್ಲಿಯೋ ಕಾರ್ಖಾನೆಯಲ್ಲಿಯೋ ಯಂತ್ರದ ಒಂದು ಸಣ್ಣ ಅಂಗ ಕಳೆದುಹೋದವರು ಕಡೆಗೆ ಬಂದು ಸೇರುವ ಕ್ಷೇತ್ರವಿದು.

ಈ ನೆರೆಯಲ್ಲಿಯೇ 1905ರಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪಗಳು ಬೆಳಗಿದವು. ಶಿವನಸಮುದ್ರದಲ್ಲಿ ಹುಟ್ಟಿದ ಶಕ್ತಿ ಅಷ್ಟು ದೂರ ತಂತಿಯ ಮೇಲೆ ಹರಿದುಬಂದಿತ್ತು. ವಿದ್ಯುತ್ತಿನಿಂದ ನಡೆಯುವ ಕೈಯಂತ್ರಗಳ ಪೇಟೆಯೂ ಅದೇ ನೆಲದ ಮೇಲೆ ಬೆಳೆದದ್ದು ಕೇವಲ ಆಕಸ್ಮಿಕವಿರಬಹುದು. ಆದರೂ ಒಪ್ಪುವಂತಹ ಆಕಸ್ಮಿಕ. 2017ರಿಂದ ನೆಲದಡಿಯ ಮೆಟ್ರೋ ನಿಲ್ದಾಣವೂ ಇಲ್ಲಿಗೆ ಒದಗಿರುವುದರಿಂದ, ಬಡಾವಣೆಗಳ ಜನರು ಬೆವರದೆ ಬಂದಿಳಿಯಬಹುದು. ಮೇಲೆ ಹತ್ತಿ ಬಂದಮೇಲಿನ ಬೆವರಿಗೆ ಮಾತ್ರ ಯಾರೂ ಹೊಣೆಯಲ್ಲ. ಕೈಗಾಡಿ, ಆಟೋ, ತಲೆಯ ಮೇಲೆ ಕಬ್ಬಿಣದ ಸಲಾಕೆ ಹೊತ್ತ ಹಮಾಲಿ, ಇವರೆಲ್ಲರಿಗೂ ದಾರಿ ಬಿಟ್ಟು ಉಳಿದ ಸ್ಥಳದಲ್ಲಿ ಗಿರಾಕಿ ನಡೆಯತಕ್ಕದ್ದು.

ಅಂಗಡಿಗಳು ಇಕ್ಕಟ್ಟು. ಒಂದೊಂದು ಹತ್ತಡಿ ಅಗಲವಿದ್ದರೆ ಅದೇ ವೈಭವ. ಹಿಂದಿನ ಗೋಡೆಯ ತುಂಬ ಸಣ್ಣ ಸಣ್ಣ ಖಾನೆಗಳು. ಒಂದೊಂದರ ಮೇಲೂ ಮಾದರಿಗಾಗಿ ಕಟ್ಟಿದ ಒಂದು ಸ್ಕ್ರೂ ಅಥವಾ ವಾಷರು. ಗಲ್ಲದ ಮೇಲೆ ಕುಳಿತ ಯಜಮಾನನ ಬಾಯಲ್ಲಿ ಕನ್ನಡ, ಹಿಂದಿ, ಉರ್ದು, ತಮಿಳುಗಳು ಸರದಿಯಿಲ್ಲದೆ ಬರುತ್ತವೆ. ಅಳತೆಯ ಭಾಷೆಯಂತೂ ಇನ್ನೂ ವಿಚಿತ್ರ. 1956ರ ಕಾಯಿದೆ ಮೆಟ್ರಿಕ್ ಪದ್ಧತಿಯನ್ನು ತಂದು ಎಷ್ಟೋ ದಶಕಗಳು ಉರುಳಿದರೂ, ಇಲ್ಲಿ ಇಂಚೂ ಜೀವಂತ, ಅಂಗುಲದ ಎಂಟನೆಯ ಪಾಲಾದ ಸೂತೂ ಜೀವಂತ. “ಎರಡು ಸೂತು ಬೋಲ್ಟು” ಎಂದರೆ ಕಾಲು ಅಂಗುಲದ್ದು; ಮಿಲಿಮೀಟರಿನಲ್ಲಿ 6.35. ಅದರ ಪಕ್ಕದ ಖಾನೆಯಲ್ಲಿಯೇ 6 ಮಿಲಿಮೀಟರಿನ ಬೋಲ್ಟು ಮಲಗಿರುತ್ತದೆ. ಕಣ್ಣಿಗೆ ಎರಡೂ ಅವಳಿ ಮಕ್ಕಳು. ನಟ್ಟಿಗೆ ಮಾತ್ರ ಶುದ್ಧ ಅಪರಿಚಿತರು.

ಈ ವ್ಯತ್ಯಾಸದಲ್ಲಿಯೇ ಬೀದಿಯ ವಿದ್ಯೆಯೆಲ್ಲ ಅಡಗಿದೆ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಒಂದು ಕ್ರಮ ಹಾಕಿಕೊಟ್ಟನು; ಸುತ್ತಿನ ಹಲ್ಲಿಗೆ 55 ಡಿಗ್ರಿಯ ಕೋನ, ಕಾಲು ಅಂಗುಲದ ಬೋಲ್ಟಿಗೆ ಅಂಗುಲವೊಂದಕ್ಕೆ 20 ಸುತ್ತು. ಮೆಟ್ರಿಕ್ ಹಲ್ಲಿನ ಕೋನ 60 ಡಿಗ್ರಿ. ಹೀಗಾಗಿ ದಪ್ಪ ಹೊಂದಿದರೂ ಸುತ್ತು ಹೊಂದದು, ಸುತ್ತು ಹೊಂದಿದಂತೆ ತೋರಿದರೂ ಕೋನ ಹೊಂದದು. ಅನುಭವಿ ಅಂಗಡಿಯವನು ಬಾಚಣಿಗೆಯಂತಹ ಹಲ್ಲುಗಳುಳ್ಳ ಥ್ರೆಡ್ ಗೇಜನ್ನು ತೆಗೆದು ಬೋಲ್ಟಿನ ಮೈಗೆ ಒತ್ತಿ, ಬೆಳಕಿಗೆ ಹಿಡಿದು ನೋಡುತ್ತಾನೆ. ನಡುವೆ ಬೆಳಕು ಇಣುಕಿದರೆ ಆ ಹಲ್ಲು ಅಲ್ಲ. ಗೇಜಿಲ್ಲದವರಿಗೆ ಬೆರಳೇ ಪ್ರಮಾಣ: ಸರಿಯಾದ ನಟ್ಟು ಬೆರಳಿನಿಂದಲೇ ಕೊನೆಯವರೆಗೆ ಇಳಿಯಬೇಕು. ಎರಡು ಸುತ್ತಿಗೇ ಬಿಗಿದು ಸ್ಪ್ಯಾನರನ್ನು ಬೇಡಿದರೆ ಅದು ಬೇರೆಯ ಕುಲದ್ದೆಂದು ತಿಳಿಯಬೇಕು.

ಇಲ್ಲಿಗೆ ಬರುವ ಮಧ್ಯಮವರ್ಗದ ಗೃಹಸ್ಥನ ದುಃಖ ಬಹುಮಟ್ಟಿಗೆ ಒಂದೇ: ಡ್ರಿಲ್ಲಿನ ಚಕ್ಕಿನ ಕೀಲಿ ಕಳೆದುಹೋಗಿದೆ. ಗೋಡೆಗೆ ಪಟ ತೂಗುಹಾಕಲು ಕೊಂಡ ಯಂತ್ರ. ಎರಡನೆಯ ಪಟದ ಹೊತ್ತಿಗೆ ಕೀಲಿ ಮಾಯ. ಹಲ್ಲಿನ ಕೀಲಿಯಿಂದ ಬಿಗಿಯುವ ಚಕ್ಕಿಗೆ 1902ರಲ್ಲಿ ಪೇಟೆಂಟು ಪಡೆದ ಅಮೆರಿಕದ ಆರ್ಥರ್ ಜೇಕಬ್ಸನು ಎಷ್ಟು ಸಂಸಾರಗಳ ಭಾನುವಾರಗಳನ್ನು ಕೆಡಿಸಿದ್ದಾನೋ! ಕೀಲಿಯನ್ನು ಕೇಳುವಾಗ “13 ಮಿಲಿಮೀಟರ್ ಚಕ್ಕು” ಎಂದರೆ ಸಾಲದು. ಕೀಲಿಯ ತುದಿಯ ಮೊಳೆ ಚಕ್ಕಿನ ರಂಧ್ರದಲ್ಲಿ ಕೂರಬೇಕು, ಹಲ್ಲುಗಳೂ ಕೂಡಬೇಕು. ಯಂತ್ರವನ್ನೇ ತಂದವನು ಐದು ನಿಮಿಷದಲ್ಲಿ ಹಿಂದಿರುಗುತ್ತಾನೆ. ಮೊಬೈಲಿನಲ್ಲಿ ಚಿತ್ರ ತೆಗೆದು ತಂದವನು ಮೂರು ಸಲ ಬರುತ್ತಾನೆ. ಚಿತ್ರಕ್ಕೆ ಅಳತೆಯಿಲ್ಲ.

ಮಗನು ಅಮೆರಿಕದಿಂದ ತಂದುಕೊಟ್ಟ ಗ್ರೈಂಡರನ್ನು ಹೆಮ್ಮೆಯಿಂದ ಹಿಡಿದು ಬರುವ ನಿವೃತ್ತರೂ ಉಂಟು. ಅದರ ವಿದ್ಯುತ್ತು 120 ವೋಲ್ಟಿನದು, ಆದುದರಿಂದ ಟ್ರಾನ್ಸ್‌ಫಾರ್ಮರ್ ಬೇಕು. ಸಾಮಾನ್ಯವಾಗಿ ಅದರ ಕದಿರು ಅಂಗುಲದ ಎಂಟರಲ್ಲಿ ಐದು ಪಾಲು ದಪ್ಪ, ಅಂಗುಲಕ್ಕೆ 11 ಸುತ್ತು. ಇಲ್ಲಿಯ ಐದಿಂಚಿನ ಯಂತ್ರಗಳ ಕದಿರು 14 ಮಿಲಿಮೀಟರು. ಅಂಗಡಿಯವನು ತಲೆಯಾಡಿಸುತ್ತಾನೆ. ಆ ನಟ್ಟನ್ನು ಮಗನೇ ಕಳುಹಿಸಬೇಕು.

ಆದರೆ ಬೀದಿಯ ನಿಜವಾದ ಗಿರಾಕಿ ಇವರಲ್ಲ. ಮಾಗಡಿಯ ಕಡೆಯಿಂದ ಬೆಳಿಗ್ಗೆಯೇ ಹೊರಟು ಬಂದ ಒಬ್ಬ ವೆಲ್ಡರನ್ನು ನೋಡಬಹುದು. ಹೆಗಲಿನ ಚೀಲದಲ್ಲಿ ನಾಲ್ಕಿಂಚಿನ ಗ್ರೈಂಡರು. ಹಿಂದಿನ ದಿನ ಮೂರನೆಯ ಮಹಡಿಯ ಮೇಲೆ ಬಿಲ್ಲೆ ಬದಲಿಸುವಾಗ ಅದನ್ನು ಬಿಗಿಯುವ ನಟ್ಟು ಜಾರಿ, ಕೆಳಗಿನ ಚರಂಡಿಗೆ ಬಿದ್ದಿದೆ. ಆರು ಕಿಟಕಿಯ ಗ್ರಿಲ್ಲುಗಳು ಅರ್ಧಕ್ಕೆ ನಿಂತಿವೆ, ಗೃಹಪ್ರವೇಶ ನಾಡಿದ್ದು. ಸಹಾಯಕನಿಗೆ ಇಂದಿನ ಕೂಲಿ ಕೊಡಲೇಬೇಕು, ಕೆಲಸ ನಡೆಯಲಿ ಬಿಡಲಿ.

“ಅಣ್ಣಾ, ಊರಲ್ಲೇ ಒಂದು ಸಾದಾ ನಟ್ಟು ಹಾಕಿ ನೋಡ್ದೆ. ಕೂತ್ಕೊಂತು,” ಎಂದನು ಅವನು.

“ಕೂತ್ಕೊಳ್ಳುತ್ತಪ್ಪ. ಎದ್ದಾಗ ಏನ್ಮಾಡ್ತೀಯ?” ಎಂದನು ಅಂಗಡಿಯ ವೃದ್ಧ.

ಮಾತು ಹಾಸ್ಯದಂತಿದ್ದರೂ ವಿಷಯ ಹಾಸ್ಯದ್ದಲ್ಲ. ನಾಲ್ಕಿಂಚಿನ ಯಂತ್ರದ ಕದಿರು 10 ಮಿಲಿಮೀಟರ್ ದಪ್ಪ; ಆ ಅಳತೆಯ ಸಾದಾ ನಟ್ಟು ಯಾವ ಖಾನೆಯಲ್ಲಿಯೂ ಸಿಕ್ಕೀತು. ಆದರೆ ಬಿಲ್ಲೆಯ ನಡುರಂಧ್ರ 16 ಮಿಲಿಮೀಟರು. ಕದಿರಿಗೂ ರಂಧ್ರಕ್ಕೂ ನಡುವೆ ಉಳಿದ ಅಂತರವನ್ನು ತುಂಬಿ ಬಿಲ್ಲೆಯನ್ನು ನಟ್ಟನಡುವೆ ನಿಲ್ಲಿಸುವುದು ಅಡಿಯ ಫ್ಲೇಂಜು. ಮೇಲಿನಿಂದ ಅಗಲವಾದ ಅಂಚಿನಲ್ಲಿ ಸಮನಾಗಿ ಅದುಮುವುದು ಫ್ಲೇಂಜ್ ನಟ್ಟು. ಸಾದಾ ನಟ್ಟು ಕಿರಿದಾದ ಜಾಗದಲ್ಲಿ ಮಾತ್ರ ಒತ್ತುವುದರಿಂದ ಬಿಲ್ಲೆ ಬಿರುಕುಬಿಡಬಹುದು, ಜಾರಬಹುದು, ಓಲಾಡಬಹುದು. ನಾಲ್ಕಿಂಚಿನ ಬಿಲ್ಲೆ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಅದರ ಅಂಚು ಸೆಕೆಂಡಿಗೆ ಸುಮಾರು 57 ಮೀಟರು ಓಡುತ್ತದೆ. ಎಂದರೆ ಗಂಟೆಗೆ 200 ಕಿಲೋಮೀಟರಿಗೂ ಮಿಗಿಲು. ಆ ವೇಗದಲ್ಲಿ ಒಡೆದ ಚೂರು ಮೊದಲು ತಲಪುವುದು ಯಂತ್ರವನ್ನು ಹಿಡಿದವನ ಮುಖಕ್ಕೆ.

ಪಕ್ಕದ ಸಂದಿಗಳಲ್ಲಿ ಲೇತ್ ಇಟ್ಟುಕೊಂಡ ಟರ್ನರರಿದ್ದಾರೆ. ಅಂಗಡಿಯಲ್ಲಿ ಸಿಗದುದನ್ನು ಅವರು ಕಡೆದು ಕೊಡುತ್ತಾರೆ: ಕಬ್ಬಿಣದ ಸಲಾಕೆಯಿಂದ ತುಂಡು ಕತ್ತರಿಸಿ, 8.5 ಮಿಲಿಮೀಟರಿನ ರಂಧ್ರ ಕೊರೆದು, ಟ್ಯಾಪು ತಿರುವಿ 10ರ ಸುತ್ತು ಹಾಕುವುದು ಅರ್ಧಗಂಟೆಯ ಕೆಲಸ. ಹಿಡಿಯ ಬೋಲ್ಟೋ ಆಳ ಅಳೆಯುವ ಕಡ್ಡಿಯೋ ಆದರೆ ಅವರ ಕೈಚಳಕಕ್ಕೆ ತಲೆಬಾಗಬೇಕು. ಆದರೆ ತಿರುಗುವ ಬಿಲ್ಲೆಯನ್ನು ಹಿಡಿಯುವ ನಟ್ಟಿನ ಮುಖ ಅದರ ಸುತ್ತಿಗೆ ನೇರ ಅಡ್ಡವಾಗಿರಬೇಕು. ಕೂದಲೆಳೆಯಷ್ಟು ವಾರೆಯಾದರೂ ಬಿಲ್ಲೆ ನಡುಗುತ್ತದೆ. ಒಳ್ಳೆಯ ಟರ್ನರನು ಇದನ್ನು ತಾನೇ ಹೇಳಿ, ಗಿರಾಕಿಯನ್ನು ಅಂಗಡಿಗೆ ಹಿಂದಕ್ಕೆ ಕಳುಹಿಸುತ್ತಾನೆ. ಭಾನುವಾರದ ಗುಜರಿ ಸಂತೆಯಲ್ಲಿ, ಹಾಸಿದ ಗೋಣಿಯ ಮೇಲೆ, ಸತ್ತ ಯಂತ್ರಗಳ ಅಂಗಾಂಗಗಳು ಹರಡಿರುತ್ತವೆ. ಅಲ್ಲಿ ಅದೃಷ್ಟವಿದ್ದರೆ ಅಸಲಿ ಭಾಗವೇ ದೊರೆತೀತು. ಸುತ್ತು ಸವೆದಿದೆಯೇ ಎಂದು ನೋಡಿಕೊಳ್ಳುವ ಹೊಣೆ ಕೊಳ್ಳುವವನದು.

ವೃದ್ಧನು ಖಾನೆಯೊಂದರಿಂದ ಮೂರು ನಟ್ಟುಗಳನ್ನು ಹಲಗೆಯ ಮೇಲೆ ಉರುಳಿಸಿದನು. ಮೊದಲನೆಯದು ಅರ್ಧಕ್ಕೆ ಬಿಗಿಯಿತು. ಎರಡನೆಯದು ಬೆರಳಿಗೆ ನುಣ್ಣಗೆ ಇಳಿದು ತಳ ಮುಟ್ಟಿತು. ಬೆಲೆ ಒಂದು ಊಟದ್ದಕ್ಕಿಂತ ಕಡಿಮೆ. ಎರಡು ಕಾಲಿನ ಸ್ಪ್ಯಾನರ್ ಬೇರೆ. ಹೊಸ ಬಿಲ್ಲೆ ಹಾಕಿದಾಗಲೆಲ್ಲ ಯಂತ್ರವನ್ನು ಮೈಯಿಂದ ದೂರ ಹಿಡಿದು ಒಂದು ನಿಮಿಷ ಸುಮ್ಮನೆ ತಿರುಗಿಸಬೇಕೆಂದೂ ಹೇಳಿದನು. ಬಳಿಕ ಯಂತ್ರವನ್ನು ತಿರುವಿ ನೋಡಿ, “ಗಾರ್ಡ್ ಎಲ್ಲಪ್ಪ?” ಎಂದು ಕೇಳಿದನು.

“ಅಡ್ಡ ಬರುತ್ತೆ ಅಂತ ಬಿಚ್ಚಿಟ್ಟಿದ್ದೆ ಅಣ್ಣಾ. ಈಗ ಎಲ್ಲಿದೆಯೋ.”

ವೃದ್ಧನು ಏನೂ ಹೇಳದೆ ತನ್ನ ಎಡಗೈಯನ್ನು ಹಲಗೆಯ ಮೇಲಿಟ್ಟನು. ಅದರ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹಳೆಯ ಹೊಲಿಗೆಯ ಗುರುತಿತ್ತು. ವೆಲ್ಡರನು ಮೊಬೈಲಿನಲ್ಲಿಯೇ ಹಣ ಪಾವತಿಮಾಡಿ ಹೊರಟನು. ಎರಡು ಅಂಗಡಿ ದಾಟಿದವನು ನಿಂತು, ತಿರುಗಿ ಬಂದು, ಗಾರ್ಡಿನ ಬೆಲೆ ಕೇಳಿದನು. ಆ ಮಾದರಿಯದು ಮುಗಿದಿತ್ತು, ಸೋಮವಾರ ಬರುವುದಿತ್ತು. ಎದುರು ಸಾಲಿನ ಕೊನೆಯ ಅಂಗಡಿಯಲ್ಲಿ ವಿಚಾರಿಸಲು ವೃದ್ಧನು ಹುಡುಗನೊಬ್ಬನನ್ನು ಅವನ ಜೊತೆಗೆ ಕಳುಹಿಸಿದನು.