ಮಂಚದ ಮಗ್ಗುಲಿನ ತೊಟ್ಟಿಲು

ಗೃಹಸ್ಥನು ತನ್ನ ಆಯುಷ್ಯದಲ್ಲಿ ಕೊಳ್ಳುವ ವಸ್ತುಗಳಲ್ಲಿ ಕೆಲವು ಅವಶ್ಯಕತೆಯ ಪೂರೈಕೆಗಾಗಿ, ಕೆಲವು ಲೋಕದ ಕಣ್ಣಿಗಾಗಿ. ತೊಟ್ಟಿಲು ಈ ಎರಡು ವರ್ಗಗಳಿಗೂ ಸೇರಿದ್ದಾಗಿದೆ. ಒಂದು ಕಡೆಯಿಂದ ನೋಡಿದರೆ ಅದು ಕೂಸಿನ ಹಾಸಿಗೆ. ಇನ್ನೊಂದು ಕಡೆಯಿಂದ ನೋಡಿದರೆ ತವರುಮನೆಯ ಮರ್ಯಾದೆ. ಇವೆರಡೂ ಒಂದೇ ಮರದಲ್ಲಿ ಕೂಡಿಬಂದರೆ ಸಂತೋಷವೇ ಸರಿ. ಕೂಡಿಬಾರದಿದ್ದರೆ ಯಾವುದನ್ನು ಮುಂದೆ ಇಡಬೇಕು, ಯಾವುದನ್ನು ಹಿಂದೆ ಇಡಬೇಕು ಎಂಬುದು ವಿಚಾರ ಮಾಡತಕ್ಕ ಮಾತು. ಈ ವಿಚಾರವು ನಮಗೆ ಪುಸ್ತಕದಿಂದ ಹುಟ್ಟಿದ್ದಲ್ಲ, ಮನೆಯಲ್ಲಿಯೇ ಹುಟ್ಟಿತು.

ಕಳೆದ ಮಾಘಮಾಸದಲ್ಲಿ ನಮ್ಮ ಮಗಳು ಚೊಚ್ಚಲ ಹೆರಿಗೆಗೆಂದು ಧಾರವಾಡಕ್ಕೆ ಬಂದಳು. ಎಣಿಸಿದ ದಿನಕ್ಕಿಂತ ನಾಲ್ಕು ವಾರ ಮೊದಲೇ, ಶಸ್ತ್ರಕ್ರಿಯೆಯಿಂದ, ಹೆರಿಗೆಯಾಯಿತು. ಹೆಣ್ಣು ಕೂಸು, ತೂಕ 2 ಕಿಲೋ 200 ಗ್ರಾಮು. ಮನೆಗೆ ಕಳಿಸುವಾಗ ವೈದ್ಯರು ಎರಡು ಮಾತು ಹೇಳಿದರು. ಬಾಣಂತಿಯು ಕೆಲವು ವಾರ ಬಗ್ಗಿ ಏಳುವದನ್ನೂ ಭಾರ ಎತ್ತುವದನ್ನೂ ಮಾಡಬಾರದೆಂಬುದು ಒಂದು. ಕೂಸು ತಾಯಿಯ ಕೋಣೆಯಲ್ಲಿಯೇ ಇರಬೇಕು, ಆದರೆ ತಾಯಿಯ ಹಾಸಿಗೆಯಲ್ಲಿ ಮಲಗಬಾರದೆಂಬುದು ಇನ್ನೊಂದು. ಬಗ್ಗಲಾರದ ತಾಯಿಯ ಕೈಗೆ ಸಿಗಬೇಕು, ಹಾಸಿಗೆಯಲ್ಲಿ ಇರಕೂಡದು. ನಮ್ಮ ಮುಂದಿದ್ದ ಗಣಿತ ಇಷ್ಟೇ.

ನಮ್ಮಲ್ಲಿ ಕೂಸು ಹುಟ್ಟುವ ಮೊದಲು ತೊಟ್ಟಿಲು ತರುವ ಪದ್ಧತಿಯಿಲ್ಲ. ಬರಿದಾದ ತೊಟ್ಟಿಲನ್ನು ತೂಗುವದಂತೂ ನಿಷಿದ್ಧ. ಆದ್ದರಿಂದ ಇಂಥ ಖರೀದಿಯೆಲ್ಲ ಹೆರಿಗೆಯ ಗಡಿಬಿಡಿಯಲ್ಲಿಯೇ ನಡೆಯುವದು, ಅವಸರದಲ್ಲಿ ಬೆಲೆಯೂ ಏರುವದು. ನಮ್ಮ ಮನೆಯವರ ಮನಸ್ಸಿನಲ್ಲಿ ಬೇರೆ ಮಾತೇ ಇರಲಿಲ್ಲ. "ಚೊಚ್ಚಲ ಬಾಣಂತೀನ್ನ ಕಲಘಟಗಿ ತೊಟ್ಟಿಲಾ ಇಲ್ಲದ ಕಳಿಸಿದ್ರ ಬೀಗರು ಏನಂದಾರ್ರೀ?" ಎಂದು ಕೇಳಿದರು.

ಅವರ ಮಾತಿನಲ್ಲಿ ಅರ್ಥವಿಲ್ಲದಿಲ್ಲ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲನ್ನು ಬಲ್ಲವರೇ ಬಲ್ಲರು. ಸಾಗವಾನಿಯ ಚೌಕಟ್ಟು, ಅರಗಿನ ಬಣ್ಣ, ಸುತ್ತಲೂ ಕೃಷ್ಣನ ಬಾಲಲೀಲೆಯೋ ರಾಮಾಯಣದ ಪ್ರಸಂಗವೋ ಚಿತ್ರವಾಗಿ ಮೂಡಿರುವದು. ಅಜ್ಜಿ ಮಲಗಿದ ತೊಟ್ಟಿಲಲ್ಲಿ ಮೊಮ್ಮಗಳು ಮಲಗಿದರೂ ಬಣ್ಣ ಮಾಸದಷ್ಟು ಗಟ್ಟಿಯಾದ ಕೆಲಸ ಅದು. ಆದರೆ ನಮಗೆ ಹೇಳಿದ ಬೆಲೆಯು ನಮ್ಮ ಒಂದು ತಿಂಗಳ ನಿವೃತ್ತಿವೇತನವನ್ನು ದಾಟಿತು. ಮೇಲಾಗಿ ಅದು ತೂಗುವ ತೊಟ್ಟಿಲು. ಹಳ್ಳಿಯ ಹಿರಿಯರ ಮನೆಯಲ್ಲಿ ತೊಲೆಯಿತ್ತು, ತೊಲೆಗೆ ಕಬ್ಬಿಣದ ಕೊಂಡಿಯಿತ್ತು. ಇಲ್ಲಿಯ ಸಿಮೆಂಟಿನ ಮಾಳಿಗೆಯಲ್ಲಿ ಅವೆರಡೂ ಇಲ್ಲ. ಇದ್ದರೂ ನಡುಮನೆಯಲ್ಲಿ ತೂಗುವ ತೊಟ್ಟಿಲಿನವರೆಗೆ ನಡುರಾತ್ರಿಯಲ್ಲಿ ಎದ್ದು ನಡೆಯಬೇಕಾದವಳು ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ಹೆಣ್ಣುಮಗಳು.

"ಹಂಗಾದ್ರ ತೊಟ್ಟಿಲಾ ಯಾಕ ಬೇಕು? ನಾವೇನ ಮಕ್ಕಳನ್ನ ಮಗ್ಗಲದಾಗ ಹಾಕ್ಕೊಂಡು ಬೆಳಸಿಲ್ಲೇನು?" ಎಂಬುದು ಅವರ ಎರಡನೆಯ ಪ್ರಶ್ನೆ. ಈ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಡುವದು ಸರಿಯಲ್ಲ. ತಾಯಿಯ ಮೈಯ ಬಿಸುಪಿನಷ್ಟು ಕೂಸಿಗೆ ಹಿತವಾದದ್ದು ಬೇರೊಂದಿಲ್ಲ. ಹಗಲು ತಾಯಿಯು ಎಚ್ಚರವಾಗಿದ್ದಾಗ ಕಡಿಮೆ ತೂಕದ ಕೂಸನ್ನು ಎದೆಗೆ ಅವಚಿಕೊಂಡಿರುವದನ್ನು ವೈದ್ಯರೂ ಒತ್ತಿ ಹೇಳುತ್ತಾರೆ. ಆದರೆ ಅಂದಿನ ಬಾಣಂತಿಯು ನೆಲದ ಮೇಲೆ ಗಟ್ಟಿಯಾದ ಹಾಸಿನಲ್ಲಿ ಮಲಗುತ್ತಿದ್ದಳು. ಇಂದಿನ ಮಂಚಕ್ಕೆ ಒಂದು ಗೇಣು ದಪ್ಪದ ಮೆತ್ತನೆಯ ಗಾದಿಯಿದೆ, ಅದರ ಮೇಲೆ ದಿಂಬುಗಳಿವೆ, ಹೊದಿಕೆಗಳಿವೆ, ಗೋಡೆಯ ಕಡೆಗೆ ಸಂದಿಯಿದೆ. ಅಂದಿನ ಕಾಲದಲ್ಲಿ ತೊಟ್ಟಿಲು ಬರಿದಾದ ಮನೆಗಳೇನೂ ವಿರಳವಾಗಿರಲಿಲ್ಲ. ದೃಷ್ಟಿ ತಾಕಿತೆಂದೂ ಹಣೆಬರಹವೆಂದೂ ಹೇಳಿ ಹಿರಿಯರು ಕಣ್ಣೊರೆಸಿಕೊಂಡರು.

ಆರೋಗ್ಯವಾಗಿದ್ದ ಕೂಸು ಕಾರಣ ತಿಳಿಯದೆ ನಿದ್ರೆಯಲ್ಲಿಯೇ ಅಸುನೀಗುವದುಂಟು. ಇಂಥ ಸಾವುಗಳಲ್ಲಿ ಬಹುಭಾಗವು ಮೊದಲಿನ ಆರು ತಿಂಗಳಲ್ಲಿ ಸಂಭವಿಸುವದು. ದಿನ ತುಂಬುವ ಮೊದಲು ಹುಟ್ಟಿದ, ತೂಕ ಕಡಿಮೆಯಾದ ಕೂಸುಗಳಿಗೆ ಈ ಭಯವು ಹೆಚ್ಚು. ಅಮೇರಿಕೆಯ ಶಿಶುವೈದ್ಯರ ಪರಿಷತ್ತು 1992ರಲ್ಲಿ ಕೂಸನ್ನು ಬೋರಲು ಮಲಗಿಸಬಾರದೆಂದು ಸಾರಿತು. 1994ರಿಂದ ಆ ದೇಶದಲ್ಲಿ ಅಂಗಾತ ಮಲಗಿಸಿರೆಂಬ ಪ್ರಚಾರವು ಮನೆಮನೆಗೂ ಮುಟ್ಟಿತು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿಯ ಇಂಥ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಅದೇ ಪರಿಷತ್ತು 2022ರಲ್ಲಿ ತನ್ನ ಉಪದೇಶವನ್ನು ಮತ್ತೆ ಪರಿಷ್ಕರಿಸಿತು. ಅದರ ಸಾರವಿಷ್ಟು: ಕೂಸು ಮೊದಲ ಆರು ತಿಂಗಳಾದರೂ ತಾಯಿತಂದೆಗಳ ಕೋಣೆಯಲ್ಲಿಯೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಲಿ, ಆ ಹಾಸಿಗೆ ಗಟ್ಟಿಯಾಗಿರಲಿ, ಸಪಾಟಾಗಿರಲಿ, ಅದರಲ್ಲಿ ದಿಂಬಾಗಲಿ, ದಪ್ಪ ಹೊದಿಕೆಯಾಗಲಿ, ಗೊಂಬೆಯಾಗಲಿ ಇರದಿರಲಿ.

ಇದರ ಕಾರಣವು ಯಾವ ಗೃಹಿಣಿಗಾದರೂ ತಿಳಿಯುವಂಥದು. ನವಜಾತ ಶಿಶುವಿನ ತಲೆ ಭಾರ, ಕುತ್ತಿಗೆ ದುರ್ಬಲ. ಇಳಿಜಾರಿನಲ್ಲಿಯೋ ಜೋಲಿಯಲ್ಲಿಯೋ ಗಲ್ಲವು ಎದೆಗೆ ತಾಕಿತೆಂದರೆ ಉಸಿರಿನ ದಾರಿ ಕಿರಿದಾಗುವದು. ಮೆತ್ತನೆಯ ದಿಂಬಿನಲ್ಲಿ ಮೋರೆ ಹುದುಗಿತೆಂದರೆ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವದು. ಮೋರೆ ತಿರುವಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಕೂಗಿ ಹೇಳಲು ಬಾಯಿಯಿದ್ದರೂ ಉಸಿರಿಲ್ಲ.

ಇದೆಲ್ಲ ಪರದೇಶದವರ ಹೊಸ ಮಾತೆಂದು ಕೆಲವರು ಎಣಿಸಬಹುದು. ಸಂಸ್ಕೃತವನ್ನು ಕಲಿಸಿ ಹೊಟ್ಟೆ ಹೊರೆದ ನಮಗೆ ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ನೆನಪಿಗೆ ಬಂದಿತು. ಕುಮಾರನ ಹಾಸುಹೊದಿಕೆಗಳು ಮೃದುವೂ ಹಗುರವೂ ಶುಚಿಯೂ ಆಗಿರಬೇಕೆಂದು ಅಲ್ಲಿ ವಿಧಿಸಿದೆ. ಬೆವರು, ಮಲಮೂತ್ರ, ಕ್ರಿಮಿಗಳಿಂದ ಕೆಟ್ಟ ಬಟ್ಟೆಯನ್ನು ಬಿಟ್ಟುಬಿಡಬೇಕು. ಬೇರೆ ಬಟ್ಟೆ ದೊರೆಯದಿದ್ದರೆ ಅವನ್ನೇ ಚೆನ್ನಾಗಿ ಒಗೆದು, ಧೂಪವಿಟ್ಟು, ಒಣಗಿಸಿ ಉಪಯೋಗಿಸಬಹುದಂತೆ. ಬಡವರ ಮನೆಯ ಕೂಸನ್ನು ಆಚಾರ್ಯರು ಮರೆತಿಲ್ಲವೆಂಬುದನ್ನು ಗಮನಿಸಬೇಕು. ಆಟಿಗೆಗಳ ವಿಷಯದಲ್ಲಿಯೂ ಅವು ಭಾರವಾಗಿರಬಾರದು, ಮೊನೆಯುಳ್ಳವಾಗಿರಬಾರದು, ಬಾಯಿಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಅಪಾಯವಾಗಬಾರದು ಎಂಬ ನಿಯಮಗಳಿವೆ. ಮೃದುವೆಂದ ಮಾತ್ರಕ್ಕೆ ಕುಸಿಯುವ ಗಾದಿಯೆಂದು ಅರ್ಥಮಾಡಬೇಕಾಗಿಲ್ಲ; ಮೈಗೆ ಒರಟಾಗದ ಬಟ್ಟೆಯೂ ಮೃದುವೇ. ಹಳೆಯ ಶಾಸ್ತ್ರವೂ ಹೊಸ ಶಾಸ್ತ್ರವೂ ಕೇಳುವದು ಒಂದನ್ನೇ: ಕೂಸಿನ ಸಮೀಪಕ್ಕೆ ಬರುವ ಪ್ರತಿಯೊಂದು ವಸ್ತುವನ್ನೂ ಪರೀಕ್ಷಿಸಿ ನೋಡಿರಿ.

ಹೀಗೆ ಪರೀಕ್ಷಿಸಲು ತೊಡಗಿದಾಗ ನಮ್ಮ ಕಣ್ಣಿಗೆ ಬಿದ್ದದ್ದು ಅಟ್ಟದ ಮೇಲಿನ ಹಳೆಯ ತೊಟ್ಟಿಲು. ದುಡ್ಡು ಬೇಕಿಲ್ಲ, ಆದರೆ ಅದಕ್ಕೆ ಎಷ್ಟು ಸಲ ಯಾವ ಯಾವ ಬಣ್ಣ ಬಳಿದಿದ್ದರೋ ಬಲ್ಲವರಿಲ್ಲ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುವದುಂಟು. ಅದು ಮಕ್ಕಳ ಮಿದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಆದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಚಕ್ಕೆಗಳು ಏಳುತ್ತಿದ್ದ ತೊಟ್ಟಿಲನ್ನು ನಾವು ಅಟ್ಟದಲ್ಲಿಯೇ ಬಿಟ್ಟೆವು. ಸೀರೆಯ ಜೋಲಿ ಅದಕ್ಕಿಂತಲೂ ಅಗ್ಗ, ಅಳುವ ಕೂಸು ಅದರಲ್ಲಿ ಬೇಗ ಸುಮ್ಮನಾಗುವದೂ ನಿಜ. ಆದರೆ ಅದರಲ್ಲಿ ಬೆನ್ನು ಬಿಲ್ಲಾಗುವದು, ಗಲ್ಲ ಎದೆಗೆ ಇಳಿಯುವದು. ಕಾಯುವವರೆಲ್ಲ ನಿದ್ರಿಸುವ ರಾತ್ರಿಗೆ ಅದು ತಕ್ಕದ್ದಲ್ಲ.

ಇನ್ನುಳಿದದ್ದು ಅಂಗಡಿಯ ಸರಕು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಮಂಚಕ್ಕೆ ಜೋಡಿಸುವ ತೊಟ್ಟಿಲುಗಳನ್ನು ಅಳಿಯಂದಿರೊಡನೆ ನೋಡಿ ಬಂದೆವು. ಒಂದಕ್ಕೆ 9,800 ರೂಪಾಯಿ, ಇನ್ನೊಂದಕ್ಕೆ ಅದರ ಒಂದೂವರೆ ಪಟ್ಟು. ಒಂದಕ್ಕೆ ಸಂಗೀತದ ಪೆಟ್ಟಿಗೆ, ಒಂದಕ್ಕೆ ಒಳಸುತ್ತಲೂ ಮೆತ್ತೆ, ಮತ್ತೊಂದಕ್ಕೆ ತಲೆಯ ಕಡೆ ಎತ್ತರಿಸುವ ಸಲಕರಣೆ. ಬೆಲೆ ಏರಿದಂತೆ ಕೂಸಿಗೆ ಬೇಡವಾದದ್ದೇ ಹೆಚ್ಚುತ್ತ ಹೋಯಿತು. ಇಳಿಜಾರಾದ ಮಲಗುವ ಸಾಧನಗಳನ್ನೂ ಸುತ್ತಲಿನ ಮೆತ್ತೆಗಳನ್ನೂ ಮಾರಕೂಡದೆಂದು ಅಮೇರಿಕೆಯಲ್ಲಿ 2022ರಲ್ಲಿ ಕಾನೂನೇ ಆಗಿದೆ. ಇಂಥ ತೊಟ್ಟಿಲಿನ ಉಪಯೋಗವಾದರೂ ಎಷ್ಟು ದಿನ? ಕೂಸು ಅಂಗೈ ಮೊಣಕಾಲುಗಳ ಮೇಲೆ ಏಳತೊಡಗಿದೊಡನೆ ಅದನ್ನು ಬಿಡಿಸಬೇಕು. ಎಂದರೆ ಐದಾರು ತಿಂಗಳು.

ಕಡಿಮೆ ಖರ್ಚಿನ ಹಾಸಿಗೆಯೆಂದರೆ ಕೀಳು ಹಾಸಿಗೆಯೆಂದು ನಾಚಬೇಕಾದದ್ದಿಲ್ಲ. ಫಿನ್ಲೆಂಡ್ ದೇಶದ ಸರಕಾರವು 1938ರಿಂದ ಬಡ ತಾಯಂದಿರಿಗೂ 1949ರಿಂದ ಸಕಲ ತಾಯಂದಿರಿಗೂ ಕೂಸಿನ ಬಟ್ಟೆಬರೆಗಳನ್ನು ತುಂಬಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಕೊಡುತ್ತ ಬಂದಿದೆ. ಬಟ್ಟೆ ತೆಗೆದರೆ ತಳದಲ್ಲಿ ಪುಟ್ಟ ಹಾಸಿಗೆ. ಆ ಪೆಟ್ಟಿಗೆಯಲ್ಲಿಯೇ ಶ್ರೀಮಂತರ ಕೂಸೂ ಬಡವರ ಕೂಸೂ ಮೊದಲ ನಿದ್ರೆ ಮಾಡಿದ್ದುಂಟು.

ಕಡೆಗೆ ನಾವು ನಮ್ಮ ಓಣಿಯ ಬಡಿಗೇರನನ್ನು ಕರೆಸಿದೆವು. ಬೇವಿನ ಮರ, ಉದ್ದ 90 ಸೆಂಟಿಮೀಟರು, ಅಗಲ 55. ನಾಲ್ಕು ಕಾಲು ಅಗಲವಾಗಿ ನಿಂತವು, ಚಕ್ರವಿಲ್ಲ, ತೂಗಾಟವಿಲ್ಲ. ಮೂರು ಬದಿಗೆ ಎತ್ತರದ ಕಂಬಿಗಳು, ಅವುಗಳ ನಡುವಿನ ಸಂದಿ 6 ಸೆಂಟಿಮೀಟರಿನೊಳಗೆ. ಹೆಚ್ಚಾದರೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಬೀಳುವ ಭಯ. ತಾಯಿಯ ಕಡೆಯ ಬದಿಯನ್ನು ಬಯಲು ಬಿಡದೆ, ಹಾಸಿಗೆಯ ಮೇಲೆ ಒಂದು ಗೇಣು ಎತ್ತರದ ತಡೆಯನ್ನಿಡಿಸಿದೆವು. ಕೂಸು ಉರುಳದು, ತಾಯಿಯ ಕೈ ಆಚೆಗೆ ನಿಲ್ಲದು. ಮಂಚಕ್ಕೂ ತೊಟ್ಟಿಲಿಗೂ ನಡುವೆ ಬೆರಳು ತೂರದಂತೆ ಎರಡು ಪಟ್ಟಿಗಳಿಂದ ಬಿಗಿಸಿದೆವು. ಬಣ್ಣ ಬಳಿಸಲಿಲ್ಲ, ಸಿಬಿರು ಏಳದಂತೆ ನುಣ್ಣಗೆ ಉಜ್ಜಿಸಿದೆವು. ಬಡಿಗೇರನಿಗೆ ಮಾತ್ರ ಸಮಾಧಾನವಾಗಲಿಲ್ಲ. "ಮಾಸ್ತರ, ಒಂದು ಹೂವಿನ ಚಿತ್ರಾನೂ ಬ್ಯಾಡೇನ್ರೀ?" ಎಂದು ಎರಡು ಸಲ ಕೇಳಿದನು. ಪಿಂಜಾರನು ಹತ್ತಿಯನ್ನು ಒತ್ತಿ ತುಂಬಿ, ಮೂರು ಬೆರಳು ದಪ್ಪದ ಹಾಸಿಗೆಯನ್ನು ತೊಟ್ಟಿಲಿನ ಅಳತೆಗೇ ಹೊಲಿದು ಕೊಟ್ಟನು. ಅಂಗೈಯಿಂದ ಒತ್ತಿ ಬಿಟ್ಟರೆ ಅದರಲ್ಲಿ ಗುಳಿ ಉಳಿಯುವದಿಲ್ಲ; ಅದರ ಅಂಚಿಗೂ ಕಟ್ಟಿಗೆಗೂ ನಡುವೆ ಎರಡು ಬೆರಳು ಹೋಗುವದಿಲ್ಲ. ಮೇಲೆ ಬಿಗಿಯಾದ ಸೊಳ್ಳೆಪರದೆ. ಎಲ್ಲ ಸೇರಿ 3,900 ರೂಪಾಯಿ.

ಮನೆಯವರು ಹೊಲಿಸಿಟ್ಟಿದ್ದ ಸಾಸಿವೆಯ ದಿಂಬೂ ಅಜ್ಜಿಯ ಕಾಲದ ಕೌದಿಯೂ ಮೊದಲ ರಾತ್ರಿಯೇ ಹೊರಗೆ ಬಂದವು. ಇದರಿಂದ ಮನೆಯಲ್ಲಿ ಎರಡು ದಿನ ಮೌನವಿತ್ತೆಂಬುದನ್ನು ಮರೆಮಾಡುವದಿಲ್ಲ. ಮೂರನೆಯ ರಾತ್ರಿ ಹಾಲೂಡಿಸುತ್ತಿದ್ದ ಮಗಳಿಗೆ ಕುಳಿತಲ್ಲಿಯೇ ಜೋಂಪು ಹತ್ತಿತು. ಕೂಸು ತೋಳಿನಿಂದ ದಿಂಬಿನ ಕಡೆಗೆ ಜಾರುತ್ತಿದ್ದುದನ್ನು ಮನೆಯವರೇ ಕಂಡು, ಎತ್ತಿ ತೊಟ್ಟಿಲಿನಲ್ಲಿ ಅಂಗಾತ ಮಲಗಿಸಿದರು. ಆಮೇಲೆ ಅವರು ಕೌದಿಯ ಮಾತೆತ್ತಲಿಲ್ಲ.

ನಾಮಕರಣದ ದಿನಕ್ಕೆ ಕಲಘಟಗಿಯ ತೊಟ್ಟಿಲನ್ನು ಬಂಧುಗಳೊಬ್ಬರು ಎರವಲು ಕೊಟ್ಟರು. ಅದರದೇ ನಿಲುವುಗಂಬಕ್ಕೆ ಅದನ್ನು ಕಟ್ಟಿ, ಹೂ ಮುಡಿಸಿ, ಹೆಂಗಳೆಯರೆಲ್ಲ ಸುತ್ತ ನಿಂತು ಜೋಗುಳ ಹಾಡಿ ಹೆಸರಿಟ್ಟೆವು. ಸಂಭ್ರಮಕ್ಕೆ ಕೊರತೆಯಾಗಲಿಲ್ಲ. ಅನಂತರ ಬೀಗಿತ್ತಿಯವರು ಬಾಣಂತಿಯ ಕೋಣೆಗೆ ಬಂದು, "ಇದೇನ ಪೆಟಿಗಿ?" ಎಂದು ಕೇಳಿದರು. ನಮ್ಮ ಎದೆ ಒಮ್ಮೆ ಝಲ್ಲೆಂದಿತು. ಮಗಳು ಮಾತ್ರ ಮಲಗಿದಲ್ಲಿಂದಲೇ ಕೈ ಚಾಚಿ ಕೂಸಿನ ಎದೆಯ ಮೇಲೆ ಬೆರಳಿಟ್ಟು, "ಅತ್ತೀ, ರಾತ್ರಿ ಎಚ್ಚರಾದಾಗೆಲ್ಲಾ ಹಿಂಗ ಮುಟ್ಟಿ ನೋಡತೀನ್ರೀ, ಏಳೋದ ಬೇಕಾಗಂಗಿಲ್ಲ" ಎಂದಳು. ಅವರು ಕಂಬಿಗಳನ್ನು ಅಲುಗಾಡಿಸಿ ನೋಡಿದರು, ಹಾಸಿಗೆಯನ್ನು ಒತ್ತಿ ನೋಡಿದರು. ಹೊರಡುವಾಗ, "ಇದನ್ನ ಬಿಚ್ಚಲಿಕ್ಕೆ ಬರತದೇನ್ರಿ ಬೀಗರ? ನಮ್ಮ ಮನಿಗೂ ಬೇಕಾಗತದ" ಎಂದು ಕೇಳಿದರು. ಬೋಲ್ಟು ಬಿಚ್ಚಿದರೆ ನಾಲ್ಕು ತುಂಡಾಗುವದೆಂದು ಹೇಳಿದೆವು.

ಎಲ್ಲರೂ ಬಡಿಗೇರನಿಂದಲೇ ಮಾಡಿಸಬೇಕೆಂದು ನಮ್ಮ ಹಟವಿಲ್ಲ. ಅಂಗಡಿಯದಾದರೂ ಸರಿ, ನೆರೆಮನೆಯವರು ಉಪಯೋಗಿಸಿ ಕೊಟ್ಟದ್ದಾದರೂ ಸರಿ. ಕೊಳ್ಳುವ ಮೊದಲು ಮಂಚದ ಎತ್ತರವನ್ನು ಅಳೆದುಕೊಂಡು ಹೋಗಿರಿ. ಕೂಸು ಹುಟ್ಟುವ ಮೊದಲು ತೊಟ್ಟಿಲು ತರಬಾರದೆಂಬವರಿಗೂ ಅಳತೆ ತೆಗೆಯಲು ಯಾವ ಅಡ್ಡಿಯೂ ಇಲ್ಲ. ಕಾಲುಗಳನ್ನು ಅಲುಗಾಡಿಸಿರಿ, ಸಂದಿಗಳಲ್ಲಿ ಬೆರಳಿಟ್ಟು ನೋಡಿರಿ, ಹಾಸಿಗೆಯನ್ನು ಒತ್ತಿರಿ, ಬಣ್ಣವನ್ನು ಉಗುರಿನಿಂದ ಕೆರೆಯಿರಿ. ಹಳೆಯದಾದರೆ ಒಂದು ತಿರುಪೂ ಕಡಿಮೆಯಾಗಿಲ್ಲವೆಂದು ಎಣಿಸಿರಿ. ಮೆತ್ತೆ, ಇಳಿಜಾರು, ಸಂಗೀತಗಳಿಗೆ ದುಡ್ಡು ಸುರಿಯಬೇಡಿರಿ. ಉಳಿದ ದುಡ್ಡು ಬಾಣಂತಿಯ ಹಾಲಿಗೂ ತುಪ್ಪಕ್ಕೂ ಆಗುವದು.

ಮರ್ಯಾದೆಯ ತೊಟ್ಟಿಲನ್ನು ಒಂದು ದಿನದ ಮಟ್ಟಿಗೆ ಎರವಲು ತರಬಹುದು. ಪ್ರತಿರಾತ್ರಿಯ ನಿಶ್ಚಿಂತೆಯನ್ನು ಮನೆಯವರೇ ಕೂಡಿಸಿಕೊಳ್ಳಬೇಕು. ನಮ್ಮ ಮೊಮ್ಮಗಳಿಗೆ ಈಗ ಮೂರು ತಿಂಗಳು ತುಂಬಿ, ತೂಕವು 4 ಕಿಲೋ 700 ಗ್ರಾಮಿಗೆ ಏರಿದೆ. ವಾಚಕರ ಮನೆಗಳಲ್ಲಿ ಹುಟ್ಟಿದ, ಹುಟ್ಟಲಿರುವ ಕೂಸುಗಳೆಲ್ಲವೂ ಸುಖವಾಗಿ ನಿದ್ರಿಸಲಿ, ಸುಖವಾಗಿ ಏಳಲಿ ಎಂದು ಹಾರೈಸುತ್ತೇವೆ.