ಏರಿಳಿತದ ಲೆಕ್ಕ

ಕಾಚಿಗೂಡದಲ್ಲಿ ನೆಲೆಸಿದ ಕನ್ನಡಿಗರಿಗೆ ಪ್ರಯಾಣವೆಂದರೆ ಮೊದಲು ನೆನಪಾಗುವುದು ರೈಲು. 1916ರಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯಲ್ಲಿ ಕಟ್ಟಿದ ಇಲ್ಲಿಯ ನಿಲ್ದಾಣ ತನ್ನ ಗುಮ್ಮಟ, ಮಿನಾರುಗಳೊಡನೆ ನಮ್ಮ ಬೀದಿಗಳ ಗಡಿಯಾರವೂ ಆಗಿದೆ, ಊರಿನ ಹೆಬ್ಬಾಗಿಲೂ ಆಗಿದೆ. ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೆ ಮಾತು ತಾನಾಗಿಯೇ ಯಾವ ಗಾಡಿ, ಎಷ್ಟು ಗಂಟೆ, ಕೆಳಗಿನ ಬರ್ತು ಸಿಕ್ಕಿತೇ ಎಂಬಲ್ಲಿಗೆ ಹೊರಳುತ್ತದೆ. ವಿಮಾನದ ಮಾತು ಬಂದರೆ ಅದು ಬಹುಮಟ್ಟಿಗೆ ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗುವ ದೊಡ್ಡ ವಿಮಾನದ್ದು. ನಮ್ಮದೇ ಊರಿನ ಹೊಲಗಳ ನಡುವೆ ಇಳಿಯುವ, ಐವತ್ತು ಜನರನ್ನಷ್ಟೇ ಹೊರುವ, ಬೇರೆಲ್ಲೋ ಯೌವನ ಕಳೆದು ಬಂದ ಪುಟ್ಟ ಜೆಟ್ ವಿಮಾನದ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದರ ಬಗ್ಗೆ ಬರೆಯಲು ನನಗೊಂದು ಕಾರಣವಿದೆ.

ಹಳೆಯ ವಿಮಾನಗಳಿಗೂ ನಮ್ಮ ಸೀಮೆಗೂ ಇರುವ ಸಂಬಂಧ ಇಂದಿನದಲ್ಲ. ಕಲಬುರಗಿ, ಬೀದರ, ರಾಯಚೂರುಗಳು 1956ರ ನವೆಂಬರ್ 1ರವರೆಗೆ ಹೈದರಾಬಾದಿನ ಆಡಳಿತಕ್ಕೆ ಸೇರಿದ್ದವು. ಆ ಕಾಲದಲ್ಲಿ ನಿಜಾಮ ಸರ್ಕಾರವೂ ಟಾಟಾ ಸಂಸ್ಥೆಯೂ ಕೂಡಿ ಬೇಗಂಪೇಟೆಯಿಂದ ನಡೆಸಿದ ಡೆಕ್ಕನ್ ಏರ್‌ವೇಸ್ ಹಾರಿಸುತ್ತಿದ್ದುದು ಡಕೋಟಾ ವಿಮಾನಗಳನ್ನು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾಗಿ ಉಳಿದ ಡಕೋಟಾಗಳು ಅಗ್ಗದ ಬೆಲೆಗೆ ಸಿಕ್ಕಿದ್ದರಿಂದಲೇ ಭಾರತದ ಅಂದಿನ ಹಲವು ವಿಮಾನ ಸಂಸ್ಥೆಗಳು ತಲೆಯೆತ್ತಿದವು. 1953ರಲ್ಲಿ ಅವುಗಳಲ್ಲಿ ಉಳಿದಿದ್ದವು ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾದವು. 1981ರಲ್ಲಿ ಸಣ್ಣ ಊರುಗಳಿಗೆಂದು ಹುಟ್ಟಿದ ವಾಯುದೂತ ಒಂದೂವರೆ ದಶಕವನ್ನೂ ಸರಿಯಾಗಿ ಬಾಳಲಿಲ್ಲ. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಏರ್ ಡೆಕ್ಕನ್ ಕಟ್ಟಿ ಹುಬ್ಬಳ್ಳಿಯಂಥ ಊರುಗಳಿಗೆ ಆಕಾಶದ ದಾರಿ ತೆರೆದರು. ಅದೂ ಕೆಲವೇ ವರ್ಷಗಳಲ್ಲಿ ಇನ್ನೊಂದು ಸಂಸ್ಥೆಯ ಪಾಲಾಯಿತು. ಕಲಬುರಗಿಯ ಸರದಿ ಬಂದದ್ದು 2019ರ ನವೆಂಬರ್ 22ರಂದು. ಶ್ರೀನಿವಾಸ ಸರಡಗಿಯ ಬಳಿ, ತೊಗರಿಯ ಸೀಮೆಯಲ್ಲಿ, ಮೂರು ಕಿಲೋಮೀಟರಿಗಿಂತ ಉದ್ದದ ಓಡುದಾರಿ. ಶಂಕುಸ್ಥಾಪನೆಯಿಂದ ಉದ್ಘಾಟನೆಯವರೆಗೆ ಹನ್ನೊಂದು ವರ್ಷ.

ಅಲ್ಲಿಂದ ಬೆಂಗಳೂರಿಗೆ ನಾನು ಹಾರಿದ್ದು ಬ್ರೆಜಿಲ್ ದೇಶದ ಎಂಬ್ರೇಯರ್ 145ರಲ್ಲಿ. ಈ ಮಾದರಿ ಮೊದಲು ಆಕಾಶಕ್ಕೇರಿದ್ದು 1995ರಲ್ಲಿ. ಅಮೆರಿಕದ ಪ್ರಾದೇಶಿಕ ವಿಮಾನ ಸಂಸ್ಥೆಗಳು ಆ ದಿನಗಳಲ್ಲಿ ಇವನ್ನು ನೂರಾರು ಸಂಖ್ಯೆಯಲ್ಲಿ ಕೊಂಡವು. ಇಂಧನದ ಬೆಲೆ ಏರಿದಾಗ ಐವತ್ತು ಆಸನಗಳ ಜೆಟ್ ಲಾಭ ತರದೆ, ಅನೇಕ ವಿಮಾನಗಳು ಒಡೆಯರನ್ನು ಬದಲಿಸಿಕೊಂಡು ಬೇರೆ ದೇಶಗಳಿಗೆ ನಡೆದವು. ಎಡಕ್ಕೆ ಒಂಟಿ ಆಸನಗಳ ಸಾಲು, ಬಲಕ್ಕೆ ಜೋಡಿ ಆಸನಗಳ ಸಾಲು, ಹಿಂಬದಿಯಲ್ಲಿ ಎರಡು ಎಂಜಿನು. ಆರಡಿಯ ಮನುಷ್ಯ ನಡುದಾರಿಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟ. ಬಾಗಿಲೇ ಕೆಳಕ್ಕೆ ಬಾಗಿ ಮೆಟ್ಟಿಲಾಗುತ್ತದೆ. ಇದೇ ಮಾದರಿಯ ಬೆನ್ನ ಮೇಲೆ ರೇಡಾರ್ ಕೂರಿಸಿ ನಮ್ಮ ಡಿಆರ್‌ಡಿಒ ವಿಜ್ಞಾನಿಗಳು ಬೆಂಗಳೂರಿನಲ್ಲಿ ‘ನೇತ್ರ’ವೆಂಬ ಕಣ್ಗಾವಲು ವಿಮಾನವನ್ನು ರೂಪಿಸಿದರೆಂಬುದನ್ನು ತಿಳಿದಾಗ ಆ ಪುಟ್ಟ ಜೆಟ್ಟಿನ ಬಗ್ಗೆ ನನಗೆ ಗೌರವ ಹೆಚ್ಚಿತು.

ನನ್ನೊಡನೆ ಇದ್ದವಳು ಅವ್ವ, ವಯಸ್ಸು ಎಪ್ಪತ್ತೆಂಟು. ಅಪ್ಪ ತೀರಿಕೊಂಡ ಮೇಲೆ ಬ್ರಹ್ಮಪುರದ ಮನೆಯಲ್ಲಿ ಒಬ್ಬಳೇ ಇದ್ದಳು. ಒಂದು ಮುಂಜಾನೆ ಬಚ್ಚಲ ಹೊಸ್ತಿಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯಾಗಿ, ಕೋಲೂರಿ ನಡೆಯುವಷ್ಟಾದಾಗ ಇನ್ನು ಒಂಟಿಯಾಗಿ ಬಿಡುವುದು ಸಲ್ಲದೆಂದು ನಾವು ಮಕ್ಕಳು ನಿಶ್ಚಯಿಸಿದೆವು. ನನ್ನ ಕಾಚಿಗೂಡದ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬೆಂಗಳೂರಿನ ತಂಗಿಯ ಮನೆ ನೆಲಮಟ್ಟದ್ದು. ಹೀಗೆ ಬೆಂಗಳೂರು ಗೊತ್ತಾಯಿತು. ರಾತ್ರಿಯಿಡೀ ರೈಲಿನಲ್ಲಿ ಹೋಗುವುದೆಂದರೆ ಅವ್ವನಿಗೆ ಬರ್ತಿನ ಚಿಂತೆಯಿರಲಿಲ್ಲ, ಓಲಾಡುವ ಗಾಡಿಯಲ್ಲಿ ಶೌಚಾಲಯಕ್ಕೆ ಹೋಗುವ ಚಿಂತೆ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಪ್ರಯಾಣದ ಮಾತೆತ್ತಿದಾಗಲೆಲ್ಲ ಆ ದಿನ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ತಂಗಿ ಅದನ್ನು ಗಮನಿಸಿ ನನಗೆ ಫೋನ್ ಮಾಡಿದಳು. ಒಂದು ಗಂಟೆ ಚಿಲ್ಲರೆಯ ಹಾರಾಟ ನಮಗೆ ಅನುಕೂಲದ ಮಾತಾಗಿರಲಿಲ್ಲ, ಅವ್ವನ ಮಾನದ ಮಾತಾಗಿತ್ತು.

ಅವ್ವ ಹೊರಡಲು ಒಪ್ಪಿದ್ದು ಒಂದು ಷರತ್ತಿನ ಮೇಲೆ. ಹೋಳಿಯ ನಂತರ ನಡೆಯುವ ಶರಣಬಸವೇಶ್ವರರ ಜಾತ್ರೆಗೆ ಪ್ರತಿ ವರ್ಷ ಅವಳನ್ನು ಊರಿಗೆ ಕರೆತರಬೇಕು, ಮನೆಯ ಬೀಗದ ಕೈ ಅವಳ ಬಳಿಯೇ ಇರಬೇಕು. ನಾವು ಒಪ್ಪಿದೆವು.

ವಿಮಾನದೊಳಗೆ ಅವ್ವನನ್ನು ಕಿಟಕಿಯ ಪಕ್ಕ ಕೂರಿಸಿದೆ. ಕೈಯಾಸರೆಯ ಬಣ್ಣ ಅನೇಕ ಕೈಗಳಿಗೆ ಸವೆದಿತ್ತು. ಅವ್ವ ಅದರ ಮೇಲೆ ಬೆರಳಾಡಿಸುತ್ತ ಕೇಳಿದಳು: “ಇದಕ್ಕ ವಯಸ್ಸೆಷ್ಟ ಆಗ್ಯಾದೋ?”

ಇಪ್ಪತ್ತರ ಆಸುಪಾಸು ಇರಬಹುದೆಂದೆ.

“ಇಪ್ಪತ್ತಂದ್ರ ಹುಡುಗ ಇದ್ದಂಗ.”

ವಿಮಾನದ ವಯಸ್ಸನ್ನು ವರ್ಷಗಳಲ್ಲಿ ಮಾತ್ರ ಅಳೆಯುವುದಿಲ್ಲವೆಂಬುದು ನನಗೆ ತಿಳಿದಿತ್ತು. ತಿಳಿದದ್ದು ತಂತ್ರಜ್ಞಾನದ ಪುಸ್ತಕದಿಂದಲ್ಲ, ಕಾದಂಬರಿಯಿಂದ. ಇಂಗ್ಲಿಷ್ ಎಂ.ಎ. ಓದುವಾಗ, ಪಠ್ಯದಲ್ಲಿ ಇಲ್ಲದಿದ್ದರೂ, ಗ್ರಂಥಾಲಯದಲ್ಲಿ ಕೈಗೆ ಸಿಕ್ಕಿದ್ದು ನೆವಿಲ್ ಶೂಟ್ 1948ರಲ್ಲಿ ಬರೆದ ‘ನೋ ಹೈವೇ’. ಶೂಟ್ ಸ್ವತಃ ವಿಮಾನ ಎಂಜಿನಿಯರ್. ಹೊಸ ವಿಮಾನವೊಂದರ ಬಾಲದ ಲೋಹ ಇಂತಿಷ್ಟು ಗಂಟೆಗಳ ಹಾರಾಟಕ್ಕೆ ದಣಿದು ಮುರಿಯುತ್ತದೆಂದು ಲೆಕ್ಕ ಹಾಕಿದ ಬಡಪಾಯಿ ವಿಜ್ಞಾನಿಯೊಬ್ಬನನ್ನು ಯಾರೂ ನಂಬದಿರುವುದು ಅದರ ಕಥೆ. ಆರು ವರ್ಷಗಳ ನಂತರ, 1954ರಲ್ಲಿ, ಜಗತ್ತಿನ ಮೊದಲ ಪ್ರಯಾಣಿಕ ಜೆಟ್ ಆದ ಕಾಮೆಟ್ ಮಾದರಿಯ ಎರಡು ವಿಮಾನಗಳು ಮೆಡಿಟರೇನಿಯನ್ ಸಮುದ್ರದ ಮೇಲೆ ಒಡೆದುಹೋದವು. ತನಿಖೆಗಾರರು ಇನ್ನೊಂದು ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು, ಮತ್ತೆ ಮತ್ತೆ ಒತ್ತಡ ಏರಿಸಿ ಇಳಿಸಿ ನೋಡಿದಾಗ ಕಾರಣ ಬಯಲಾಯಿತು: ಲೋಹದ ದಣಿವು.

ಹತ್ತು ಕಿಲೋಮೀಟರ್ ಎತ್ತರದಲ್ಲಿ ಹೊರಗಿನ ಗಾಳಿ ಉಸಿರಾಟಕ್ಕೆ ಸಾಲದು. ಆದ್ದರಿಂದ ಒಳಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಪ್ರತಿ ಏರಿಕೆಯಲ್ಲಿ ವಿಮಾನದ ಮೈ ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ, ಪ್ರತಿ ಇಳಿತದಲ್ಲಿ ಕುಗ್ಗುತ್ತದೆ. ರಿವೆಟ್ಟಿನ ರಂಧ್ರಗಳಂಥ ಎಡೆಗಳಲ್ಲಿ ಕೂದಲೆಳೆಯ ಬಿರುಕು ಹುಟ್ಟುವುದು ಈ ಉಸಿರಾಟದಿಂದ. ಆದ್ದರಿಂದ ಏರಿಳಿತಗಳ ಲೆಕ್ಕವನ್ನೂ ಇಡಬೇಕು. ಸಾಗರ ದಾಟುವ ದೊಡ್ಡ ವಿಮಾನ ದಿನಕ್ಕೆ ಒಂದೆರಡು ಬಾರಿ ಏರಿಳಿದರೆ, ಊರಿಂದೂರಿಗೆ ಹಾರುವ ಸಣ್ಣದು ಅದೇ ದಿನದಲ್ಲಿ ಹಲವು ಬಾರಿ ಏರಿಳಿಯುತ್ತದೆ. 1988ರಲ್ಲಿ ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ ಒಂದರ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಆ ವಿಮಾನದ ವಯಸ್ಸು ಹತ್ತೊಂಬತ್ತು ವರ್ಷ. ಏರಿಳಿತಗಳು ಸುಮಾರು 89,000. ಅಂದಿನಿಂದ ಹಳೆಯ ವಿಮಾನಗಳ ತಪಾಸಣೆ ಬಹಳ ಕಟ್ಟುನಿಟ್ಟಾಯಿತು. ನಿಗದಿತ ಅವಧಿಗೆ ಒಳಗಿನ ಹೊದಿಕೆಯನ್ನೆಲ್ಲ ಬಿಚ್ಚಿ, ಬರಿಗಣ್ಣಿಗೆ ಕಾಣದ ಬಿರುಕನ್ನೂ ಉಪಕರಣಗಳಿಂದ ಹುಡುಕುತ್ತಾರೆ. ಹಾಗೆ ನೋಡಿಕೊಂಡ ಹಳೆಯ ವಿಮಾನ, ಹಳೆಯದೆಂಬ ಕಾರಣಕ್ಕೇ ಅಪಾಯಕಾರಿಯಲ್ಲ.

ಇದರಲ್ಲಿ ಅಪಘಾತದ ಭಾಗ ಬಿಟ್ಟು ಉಳಿದುದನ್ನು ಅವ್ವನಿಗೆ ಹೇಳಿದೆ. ಅವ್ವ ಕೇಳಿಸಿಕೊಂಡು, ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅಂದಳು: “ನಮ್ಮ ಮಾಳಗಿ ಮೆಟ್ಟಿಲದ ಲೆಕ್ಕ ಯಾರೂ ಇಡಲಿಲ್ಲ ನೋಡು.” ಐವತ್ತು ವರ್ಷ ಮಾಳಿಗೆಗೆ ಹಪ್ಪಳ, ಸಂಡಿಗೆ, ಒಣಗಿಸುವ ಕಾಳು ಹೊತ್ತು ಏರಿಳಿದವಳ ಮಾತು ಅದು. ನನ್ನ ಬಳಿ ಉತ್ತರವಿರಲಿಲ್ಲ. ಅವಳ ದೇಹಕ್ಕೆ ನಿಗದಿತ ತಪಾಸಣೆಯೆಂಬುದೇ ಇರಲಿಲ್ಲ. ಮುರಿದ ಮೇಲೆ ನೋಡಿದೆವು.

ವಿಮಾನ ಮೇಲೇರಿದಾಗ ಅವ್ವ ಕೋಲನ್ನು ಬಿಟ್ಟು ನನ್ನ ಮುಂಗೈ ಹಿಡಿದಳು. ಎಂಜಿನಿನ ಸದ್ದು ಸಮನಾದ ಮೇಲೆ ಕೈ ಸಡಿಲಿಸಿ, ಕೆಳಗೆ ಭೀಮಾ ನದಿ ಕಾಣುತ್ತದೆಯೇ ಎಂದು ಕೇಳಿದಳು. ನಮ್ಮ ಕಿಟಕಿಯಿಂದ ಅದು ಕಾಣಲಿಲ್ಲ. ಬೆಂಗಳೂರಿನಲ್ಲಿ ಇಳಿದು, ಕೆಲವೇ ಮೆಟ್ಟಿಲುಗಳನ್ನು ಒಂದೊಂದಾಗಿ ದಾಟಿ, ನೆಲ ಮುಟ್ಟಿದ ಮೇಲೆ ಅವಳು ಹಿಂತಿರುಗಿ ವಿಮಾನವನ್ನು ನೋಡಿದ್ದು ಬಸ್ಸಿನಿಂದಿಳಿದವರು ಚಾಲಕನನ್ನು ನೋಡುವ ಹಾಗಿತ್ತು. ಅಲ್ಲೇ ನಿಂತು ನೀರು ಕೇಳಿ ಕುಡಿದಳು.

ಆ ದಿನದ ನಂತರ ನನ್ನನ್ನು ಕಾಡುತ್ತಿರುವುದು ವಿಮಾನದ ವಯಸ್ಸಲ್ಲ, ಅದು ಹಾರುವ ದಾರಿಯ ಆಯಸ್ಸು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಲ್ಲಿ ಮೊದಲ ವಿಮಾನಗಳು ಹಾರಿದ್ದು 2017ರ ಏಪ್ರಿಲ್ 27ರಂದು. ಅಂದು ಶಿಮ್ಲಾದ ಜೊತೆಗೆ ನಮ್ಮ ಹೈದರಾಬಾದಿಗೆ ಕಡಪ, ನಾಂದೇಡಗಳ ಸಂಪರ್ಕವೂ ಶುರುವಾಯಿತು. ಆಗ ಸುಮಾರು ಅರ್ಧದಷ್ಟು ಆಸನಗಳಿಗೆ ಗಂಟೆಯ ಹಾರಾಟಕ್ಕೆ 2,500 ರೂಪಾಯಿಯ ಮಿತಿಯಿತ್ತು. ಆಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡು. ಕಡತಗಳ ನಡುವೆ ಬದುಕುವ ನೌಕರಿ ನನ್ನದಾದ್ದರಿಂದ, ಮಹಾಲೇಖಪಾಲರು 2023ರಲ್ಲಿ ನೀಡಿದ ವರದಿಯ ಅಂಕಿಗಳು ಕಣ್ಣಿಗೆ ಬಿದ್ದವು. ಯೋಜನೆಯ ಮೂರನೆಯ ಹಂತದವರೆಗೆ ಹಂಚಿದ ಮಾರ್ಗಗಳು 774. ಹಾರಾಟ ಆರಂಭವಾದವು 371. ಮೂರು ವರ್ಷ ಪೂರೈಸಿದವು 112. ನೆರವು ನಿಂತ ಮೇಲೂ 2023ರ ಮಾರ್ಚ್ ವೇಳೆಗೆ ಉಳಿದವು 54. ನಮ್ಮ ನೆರೆಯ ಬೀದರಿಗೆ 2020ರ ಫೆಬ್ರವರಿಯಲ್ಲಿ ಬಂದ ವಿಮಾನವೂ ನಡುವೆ ನಿಂತುಹೋಗಿ, 2025ರ ಏಪ್ರಿಲಿನಲ್ಲಿ ಮತ್ತೆ ಹಾರಿತು.

ಈ ಅಂಕಿಗಳನ್ನು ಖಜಾನೆಯ ದೃಷ್ಟಿಯಿಂದ ಓದುವವರು, ನಷ್ಟದ ದಾರಿಯನ್ನು ಜನರ ತೆರಿಗೆಯಿಂದ ಏಕೆ ಸಾಕಬೇಕೆಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಐವತ್ತು ಜನರ ವಿಮಾನಕ್ಕೆ ಸುರಿಯುವ ಹಣದಲ್ಲಿ ರೈಲಿನ ಶೌಚಾಲಯಗಳನ್ನು ಮುದುಕರಿಗೆ ಅನುಕೂಲವಾಗುವಂತೆ ತಿದ್ದಬಹುದಲ್ಲವೇ ಎಂದರೆ ನಾನೂ ತಲೆದೂಗುತ್ತೇನೆ. ಆದರೆ ಅದು ಆಗುವವರೆಗೆ ನಡುವಿನ ಈ ಸೇತುವೆ ಮುರಿಯಬಾರದು. ದಾರಿಯನ್ನು ಒಮ್ಮೆ ತೆರೆದ ಮೇಲೆ ಜನ ಅದನ್ನು ನಂಬಿ ಮನೆ ಬಿಡುತ್ತಾರೆ, ಮಾತು ಕೊಡುತ್ತಾರೆ. ನಾವು ಅವ್ವನಿಗೆ ಕೊಟ್ಟ ಮಾತು ಅಂಥದೇ.

ಎರಡು ಜಾತ್ರೆಗಳಿಗೆ ಅವ್ವ ಬಂದುಹೋದಳು. ತೇರಿನ ದಿನ ದೂರದಲ್ಲಿ ಕುರ್ಚಿಯ ಮೇಲೆ ಕೂತು ಉತ್ತತ್ತಿ ಎಸೆಯಲು ಮೊಮ್ಮಗನ ಕೈಗೆ ಕೊಟ್ಟಳು. ಮನೆಯ ಬಾಗಿಲು ತೆರೆದು, ದೀಪ ಹಚ್ಚಿ, ಮೂರನೆಯ ದಿನ ಬೀಗ ಹಾಕಿದಳು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಗೆ ಬದಲಾಗುತ್ತದೆ. ಆ ಎರಡು ವಾರಗಳಲ್ಲಿ ಕಚೇರಿಯಿಂದ ಬಂದೊಡನೆ ಹೊಸ ಪಟ್ಟಿಯಲ್ಲಿ ಕಲಬುರಗಿಯ ಹೆಸರನ್ನು ಹುಡುಕುತ್ತೇನೆ. ಅವ್ವ ಫೋನಿನಲ್ಲಿ ವಿಮಾನದ ವಿಷಯ ಕೇಳುವುದಿಲ್ಲ. ಈ ಸಲ ಹೋಳಿ ಯಾವಾಗ ಎಂದಷ್ಟೇ ಕೇಳುತ್ತಾಳೆ.